ತಲೆಕೆಳಗಾದ ಕಾಗದಪಟ್ಟಿಯ ಶ್ರೇಯ ಯಾರಿಗೆ ಸಲ್ಲತಕ್ಕದ್ದು ಎಂಬ ಬಗ್ಗೆ

ಹಳೆಯ ಕಡತಗಳ ಸಂರಕ್ಷಣಾ ಇಲಾಖೆ
(ನೆಲಮಹಡಿ, ಹಿಂಬಾಗಿಲಿನಿಂದ ಪ್ರವೇಶ)

ಸಂಖ್ಯೆ: ಹಕಸಂ/ಸಿಬ್ಬಂದಿ/ಮನರಂಜನೆ/ಕಾಗದಪಟ್ಟಿ/2 (ಸಂಖ್ಯೆ 1 ಸಿಗುತ್ತಿಲ್ಲ)

ಸುತ್ತೋಲೆ

ವಿಷಯ: ಕಚೇರಿಯಲ್ಲಿ ಕಾಗದಪಟ್ಟಿ ಕತ್ತರಿಸಿ ಭವಿಷ್ಯ ನುಡಿಯುವ ಚಮತ್ಕಾರ ಮಾಡುವ ಹಾಗೂ ಅದರ ಶ್ರೇಯ ಹಂಚುವ ಕ್ರಮದ ಕುರಿತು.

ಉಲ್ಲೇಖ: 1) ಹಳೇಕಡತ ಕೊಠಡಿಯ ಕಿರಿಯ ಗುಮಾಸ್ತೆಯ ಮೌಖಿಕ ವಿನಂತಿ (ಎರಡು ಬಾರಿ, ಎರಡನೆಯ ಬಾರಿ ಕೇಳಿಸಿರುವುದಿಲ್ಲ).
2) ಜಂಟಿ ನಿರ್ದೇಶಕರ ಸಮ್ಮುಖದಲ್ಲಿ ತೆರೆಯಲಾದ ಲಕೋಟೆ.
3) ಜವಾನನ ಹೇಳಿಕೆ (ಯಾರೂ ಕೇಳದೆ ಕೊಟ್ಟದ್ದು).

ಮೇಲ್ಕಂಡ ವಿಷಯದಲ್ಲಿ ಇಲಾಖೆಯ ಮರ್ಯಾದೆಗೆ ಧಕ್ಕೆ ಬಂದಿರುವುದರಿಂದ, ಹಾಗೂ ಬಂದ ಧಕ್ಕೆಯನ್ನು ಯಾವ ಕಡತದಲ್ಲಿ ಇಡಬೇಕೆಂದು ತೋಚದಿರುವುದರಿಂದ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ.

1. ಹೆಸರು ಬರೆದರೆ ಶ್ರೇಯ ಕೊಟ್ಟಂತಾಗುತ್ತದೆ. ಆದ್ದರಿಂದ ಈ ಸುತ್ತೋಲೆಯಲ್ಲಿ ಯಾರ ಹೆಸರನ್ನೂ ನಮೂದಿಸಿರುವುದಿಲ್ಲ.

2. ಸದರಿ ಕಿರಿಯ ಗುಮಾಸ್ತೆಯು ಪದವೀಧರೆಯಾಗಿದ್ದು, ಮಾತು ಕಡಿಮೆ. ಈಕೆಯ ಮೇಜಿನ ಮೂರು ಕಾಲು ನೆಲಕ್ಕೆ ತಾಗುತ್ತವೆ. ನಾಲ್ಕನೆಯದಕ್ಕೆ ಮಡಿಸಿದ ರಟ್ಟು ಕೊಡಲಾಗಿದೆ. ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲು ಎದ್ದು ನಿಂತು ಆಮೇಲೆ ಯಾಕೆಂದು ಕೇಳುವ ಸ್ವಭಾವ. ಊಟದ ಬಿಡುವಿನಲ್ಲಿ ರವಾನೆ ಶಾಖೆಯ ಹಿರಿಯ ಮಹಿಳೆಗೆ ಈಕೆ ಒಂದು ಚಮತ್ಕಾರ ಮಾಡಿ ತೋರಿಸುತ್ತಿದ್ದುದು ವಿಚಾರಣೆಯಿಂದ ತಿಳಿದುಬಂದಿದೆ. ತೋರಿಸುವ ಮುನ್ನ ಪ್ರತಿ ಸಲವೂ ತನ್ನ ಅಜ್ಜನ ಬಗ್ಗೆ ಒಂದು ವಾಕ್ಯ ಹೇಳುತ್ತಿದ್ದಳು. "ಅದ್ಯಾಕೇ ಪ್ರತಿ ಸಲ ಅಜ್ಜನ್ನ ಎಳ್ಕೊಂಡ್ ಬರ್ತೀಯ" ಎಂದು ಸದರಿ ಹಿರಿಯ ಮಹಿಳೆ ಕೇಳಲಾಗಿ, "ಹೇಳ್ಕೊಟ್ಟೋರನ್ನ ನೆನೆಸ್ದೆ ಮಾಡಿದ್ರೆ ಕದ್ದಂಗೆ ಅಂತ ಅವರೇ ಹೇಳಿದ್ರು ಅಕ್ಕ" ಎಂದು ಉತ್ತರಿಸಿರುತ್ತಾಳೆ. ಕಳವಿನ ಬಗ್ಗೆ ಇಲಾಖೆಯ ನಿಲುವನ್ನು ಕಂಡಿಕೆ 6ರಲ್ಲಿ ವಿವರಿಸಲಾಗಿದೆ.

3. ಚಮತ್ಕಾರದ ವಿವರ: ದಿನಪತ್ರಿಕೆಯ ಒಂದು ಕಾಲಮನ್ನು ಉದ್ದಕ್ಕೆ ಕತ್ತರಿಸಿ ಇಳಿಬಿಟ್ಟು ಹಿಡಿಯುವುದು. ಕತ್ತರಿಯನ್ನು ಮೇಲೆ ಕೆಳಗೆ ಆಡಿಸುವಾಗ ನೋಡುವವರು "ನಿಲ್ಸಿ" ಎಂದ ಕಡೆ ಕತ್ತರಿಸುವುದು. ಬಿದ್ದ ತುಂಡಿನ ಮೊದಲ ಸಾಲು ಯಾವುದೋ, ಮೊದಲೇ ಅಂಟಿಸಿಟ್ಟ ಲಕೋಟೆಯಲ್ಲೂ ಅದೇ ಸಾಲು ಇರುತ್ತದೆ. ಗುಟ್ಟೇನೆಂದರೆ, ಪಟ್ಟಿಯಲ್ಲಿ ತಲೆಬರಹ ಮಾತ್ರ ನೆಟ್ಟಗಿದ್ದು, ಅದರ ಕೆಳಗಿನ ಕಾಲಮನ್ನು ತಲೆಕೆಳಗಾಗಿ ಅಂಟಿಸಲಾಗಿರುತ್ತದೆ. ಎಲ್ಲಿ ಕತ್ತರಿಸಿದರೂ, ಬಿದ್ದ ತುಂಡನ್ನು ಓದಲೆಂದು ತಿರುಗಿಸಿದಾಗ ಮೇಲೆ ಬರುವುದು ಕಾಲಮಿನ ಮೊದಲ ಸಾಲೇ. ಅಜ್ಜನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನಾದ್ದರಿಂದ ಆತನಿಗೆ ತಲೆಕೆಳಗಾದ ಅಕ್ಷರವೇ ಹೊಟ್ಟೆಪಾಡಾಗಿತ್ತು. "ತಲೆಬರಹ ನೆಟ್ಟಗಿದ್ರೆ ಸಾಕು ಮಗಾ, ಕೆಳಗಿಂದನ್ನ ಯಾವನೂ ನೋಡಲ್ಲ" ಎಂದು ಆತ ಹೇಳಿದ್ದಾಗಿ ವರದಿಯಾಗಿದೆ. ಈ ಕಂಡಿಕೆ ರಹಸ್ಯವಾಗಿದ್ದು, ಓದಿದವರು ತಾವು ಓದಿಲ್ಲವೆಂದು ಲಿಖಿತವಾಗಿ ದೃಢೀಕರಿಸತಕ್ಕದ್ದು.

4. ಮೊದಲ ಪ್ರದರ್ಶನ: ಸದರಿ ಚಮತ್ಕಾರವನ್ನು ಮಾನ್ಯ ಅಧೀಕ್ಷಕರು ಬಾಗಿಲ ಬಳಿ ನಿಂತು ಮೂರು ದಿನ ನೋಡಿ, ಗುಟ್ಟು ಮಣಿಕಟ್ಟಿನಲ್ಲಿದೆ ಎಂಬ ತೀರ್ಮಾನಕ್ಕೆ ಬಂದು, ಗುಮಾಸ್ತೆಯಿಂದ ಪಟ್ಟಿ ಹಾಗೂ ಲಕೋಟೆ ಸಿದ್ಧಪಡಿಸಿಕೊಂಡು, ಸಿಬ್ಬಂದಿ ಕೂಟದಲ್ಲಿ ಮಾಡಿ ತೋರಿಸಿರುತ್ತಾರೆ. ಅಂದು ಕನ್ನಡಕ ಮನೆಯಲ್ಲಿ ಮರೆತಿದ್ದ ಕಾರಣ ಪಟ್ಟಿಯನ್ನು ಪರಿಶೀಲಿಸಲಾಗಿರಲಿಲ್ಲ. ಹಾಗಾಗಿ ಚಮತ್ಕಾರ ಯಶಸ್ವಿಯಾಯಿತು. ಎಲ್ಲಿ ಕಲಿತಿರೆಂದು ಲೆಕ್ಕಶಾಖೆಯವರು ಕೇಳಲು, "ಎಲ್ಲಾ ಅನುಭವ ಕಣ್ರೀ" ಎಂಬ ಉತ್ತರ ಕೊಡಲಾಯಿತು. ಅಜ್ಜನ ಬಗ್ಗೆ ಆ ಒಂದು ವಾಕ್ಯ ಹೇಳಬೇಕಿತ್ತೆಂದು ಗುಮಾಸ್ತೆ ಮರುದಿನ ವಿನಂತಿಸಿದಾಗ, "ಟೈಮಿರ್ಲಿಲ್ಲಮ್ಮ, ಮುಂದಿನ ಸಲ ನೋಡೋಣ" ಎಂದು ತಿಳಿಸಲಾಯಿತು. ವಾಕ್ಯ ಹೇಳಲು ಹತ್ತು ಸೆಕೆಂಡು ಬೇಕು. ಅಧೀಕ್ಷಕರು ಅಂದು ಚಪ್ಪಾಳೆಗೆ ತಲೆಬಾಗಿ ನಿಂತದ್ದು ಒಂದೂವರೆ ನಿಮಿಷ.

5. ಎರಡನೆಯ ಪ್ರದರ್ಶನ ಜಂಟಿ ನಿರ್ದೇಶಕರ ತಪಾಸಣೆಯ ದಿನ ನಿಗದಿಯಾಗಿತ್ತು. ಹಿಂದಿನ ದಿನ ಅಧೀಕ್ಷಕರು ಕನ್ನಡಕ ಧರಿಸಿ ಪಟ್ಟಿಯನ್ನು ಪರಿಶೀಲಿಸಲಾಗಿ, ಕಾಲಂ ತಲೆಕೆಳಗಾಗಿರುವುದು ಕಂಡುಬಂತು. ಈ ಇಲಾಖೆಯಲ್ಲಿ ತಲೆಕೆಳಗಾಗಿ ಸೇರಿಸಿದ ಒಂದು ಹಾಳೆಗಾಗಿ ಇಡೀ ಕಡತವನ್ನೇ ಆಕ್ಷೇಪಣೆಯೊಂದಿಗೆ ಹಿಂದಿರುಗಿಸುವ ಪದ್ಧತಿ ಇರುವುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಅಧೀಕ್ಷಕರು ಸ್ವತಃ ನೀರು ಹಚ್ಚಿ, ಗೋಂದು ಬಿಡಿಸಿ, ಕಾಲಮನ್ನು ನೆಟ್ಟಗೆ ಅಂಟಿಸಿದರು. "ಸಾರ್, ಅದು ತಲೆಕೆಳಗೇ ಇರ್ಬೇಕು" ಎಂದು ಗುಮಾಸ್ತೆ ಹೇಳಿದ್ದು (ಇದೇ ಉಲ್ಲೇಖ 1ರ ಎರಡನೆಯ ಬಾರಿಯಾಗಿದ್ದು, ಅಜ್ಜನ ವಾಕ್ಯವನ್ನೂ ಜೊತೆಗೇ ನೆನಪಿಸಲಾಗಿತ್ತು), "ಇಪ್ಪತ್ತೆರಡು ವರ್ಷದಿಂದ ಕಾಗದ ನೋಡ್ತಿದೀನಮ್ಮ. ನೆಟ್ಟಗಿರೋದು ಯಾವ್ದು ಅಂತ ನೀನ್ ಹೇಳ್ಕೊಡ್ತೀಯಾ? ಹೋಗು, ಲಕೋಟೆ ಅಂಟಿಸ್ಕೊಂಡ್ ಬಾ" ಎಂದು ಆದೇಶಿಸಲಾಯಿತು. ಗುಮಾಸ್ತೆ ಹೋಗಿ ಲಕೋಟೆ ಅಂಟಿಸಿಕೊಂಡು ಬಂದಳು.

ತಪಾಸಣೆಯ ದಿನ ಜಂಟಿ ನಿರ್ದೇಶಕರು "ನಿಲ್ಸಿ" ಎಂದರು. ತುಂಡು ಬಿತ್ತು. ಮೊದಲ ಸಾಲು: "ದುರಸ್ತಿ ಕಾರ್ಯ ಭರದಿಂದ ಸಾಗಿದ್ದು, ಸಾರ್ವಜನಿಕರು". ಲಕೋಟೆ ತೆರೆಯಲಾಗಿ, ಒಳಗಿದ್ದದ್ದನ್ನು ಜಂಟಿ ನಿರ್ದೇಶಕರೇ ಗಟ್ಟಿಯಾಗಿ ಓದಿದರು: "ಒಂದು, ಸಾಲು ಹೊಂದುವುದಿಲ್ಲ. ಎರಡು, ತಪ್ಪು ನನ್ನ ತಲೆಗೆ ಬರುತ್ತದೆ. ಮೂರು, ನನ್ನ ಅಜ್ಜನ ಬಗ್ಗೆ ಹೇಳಬೇಕಾದ ವಾಕ್ಯ ಹನ್ನೊಂದೂ ಶಾಖೆಗಳಲ್ಲಿ ಕೇಳಿಸುತ್ತದೆ."

ಸಾಲು ಹೊಂದಲಿಲ್ಲ. ಜಂಟಿ ನಿರ್ದೇಶಕರು ನಕ್ಕು, "ಇದನ್ನ ಬರೆದದ್ದು ಯಾರ್ರೀ?" ಎಂದರು. "ನಮ್ಮ ಶಾಖೇದೇ ಸಾರ್, ನನ್ನ ಮಾರ್ಗದರ್ಶನದಲ್ಲಿ" ಎಂದು ಅಧೀಕ್ಷಕರು ನಿವೇದಿಸಿದರು. ಜಂಟಿ ನಿರ್ದೇಶಕರ ವಾಹನ ಗೇಟು ದಾಟಿದ ನಾಲ್ಕನೆಯ ನಿಮಿಷಕ್ಕೆ ಗುಮಾಸ್ತೆಗೆ ಕಾರಣ ಕೇಳಿ ನೋಟಿಸು ಜಾರಿಯಾಯಿತು. ಎರಡನೆಯ ಭವಿಷ್ಯವೂ ಹೀಗೆ ವಿಲೇವಾರಿಯಾಗಿರುತ್ತದೆ. ಈ ಸಂದರ್ಭದಲ್ಲಿ ಜವಾನನು "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಿದ್ದು, ನೆಲವನ್ನು ಅಳತೆ ಮಾಡಿಸಲಾಗಿ ಸಮತಟ್ಟಾಗಿದೆ ಎಂದು ವರದಿ ಬಂದಿದೆ.

6. ಶ್ರೇಯ ಹಂಚಿಕೆ: ಚಪ್ಪಾಳೆ ಬಿದ್ದಲ್ಲಿ ಶ್ರೇಯವು ಹಾಜರಿರುವವರಲ್ಲಿ ಹೆಚ್ಚು ಸಂಬಳದವರಿಗೆ ತಾನಾಗಿಯೇ ಸಂದಾಯವಾಗತಕ್ಕದ್ದು. ಚಪ್ಪಾಳೆ ಬೀಳದಿದ್ದಲ್ಲಿ ಹೊಣೆಯು ಕಡಿಮೆ ಸಂಬಳದವರದ್ದು. ಅವರು ಅಂದು ರಜೆಯಲ್ಲಿದ್ದರೆ ಮರಳಿದ ದಿನ ಬೆಳಿಗ್ಗೆ ಹೊರತಕ್ಕದ್ದು. ಕೆಳಗಿನವರಿಂದ ಮೇಲಿನವರು ಪಡೆದದ್ದು ಕಳವಲ್ಲ, ಸಮನ್ವಯ.

7. "ನಿಲ್ಸಿ" ಎನ್ನಬಯಸುವ ಪ್ರೇಕ್ಷಕರು ಎಲ್ಲಿ ನಿಲ್ಲಿಸಬೇಕೆಂಬುದನ್ನು ಏಳು ದಿನ ಮುಂಚಿತವಾಗಿ ನಮೂನೆಯಲ್ಲಿ ಸಲ್ಲಿಸತಕ್ಕದ್ದು. ಮಂಜೂರಾತಿ ಬರುವವರೆಗೆ ಕತ್ತರಿಯನ್ನು ಆಡಿಸುತ್ತಲೇ ಇರತಕ್ಕದ್ದು. ಕೈ ನೋವಿಗೆ ರಜೆ ಇಲ್ಲ. ಬೆರಗಾಗುವಾಗಲೂ ಜ್ಯೇಷ್ಠತೆ ಪಾಲಿಸತಕ್ಕದ್ದು: ಮೇಲಧಿಕಾರಿಯ ಹುಬ್ಬು ಏರುವ ಮುನ್ನ ಕೆಳಗಿನವರ ಹುಬ್ಬು ಏರಕೂಡದು.

8. ಇನ್ನು ಮುಂದೆ ಯಾವುದೇ ಭವಿಷ್ಯವನ್ನು ಘಟನೆ ನಡೆದ ನಂತರವೇ ನುಡಿಯತಕ್ಕದ್ದು. ಮುಂಚಿತವಾಗಿ ನುಡಿದು ಅದು ನಿಜವಾದಲ್ಲಿ ಅವಿಧೇಯತೆ ಎಂದು ಪರಿಗಣಿಸಲಾಗುವುದು.

9. ಗುಮಾಸ್ತೆಯು ಹೇಳಬೇಕೆಂದಿದ್ದ ವಾಕ್ಯವನ್ನು ಕಚೇರಿಯ ಆವರಣದಲ್ಲಿ ಯಾರೂ ಹೇಳಕೂಡದು. ಯಾವ ವಾಕ್ಯವನ್ನು ಹೇಳಕೂಡದೆಂದು ಸಿಬ್ಬಂದಿಗೆ ತಿಳಿದಿರಬೇಕಾದ್ದರಿಂದ, ಅದನ್ನು ಈ ಕೆಳಗೆ ಕೊಡಲಾಗಿದೆ:

"ಇದು ನನ್ನ ಕೈಚಳಕವಲ್ಲ, ಅಚ್ಚುಕೂಟದಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿ, ಯಾವ ಪುಸ್ತಕದಲ್ಲೂ ತನ್ನ ಹೆಸರು ಕಾಣದ ನನ್ನ ಅಜ್ಜ ಹೇಳಿಕೊಟ್ಟದ್ದು, ಅವರಿಗೂ ಯಾರೋ ಹೇಳಿಕೊಟ್ಟದ್ದು."

ಮರೆತು ಯಾರಾದರೂ ಹೇಳಿಬಿಡುವ ಅಪಾಯವಿರುವುದರಿಂದ, ಸದರಿ ವಾಕ್ಯವನ್ನು ಪ್ರತಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹನ್ನೊಂದೂ ಶಾಖೆಗಳಲ್ಲಿ ಶಾಖಾ ಮುಖ್ಯಸ್ಥರು ಎದ್ದು ನಿಂತು ಗಟ್ಟಿಯಾಗಿ, ನಿಧಾನವಾಗಿ, ಎರಡು ಬಾರಿ ಓದಿ ಹೇಳತಕ್ಕದ್ದು.

10. ಲಕೋಟೆಯಲ್ಲಿದ್ದ ಮೂರನೆಯ ಭವಿಷ್ಯವು ಸುಳ್ಳಾಗಿದೆ ಎಂದು ಈ ಮೂಲಕ ಘೋಷಿಸಲಾಗಿದೆ (ನೋಡಿ: ಕಂಡಿಕೆ 9).

(ಸಹಿ ಇದೆ, ಓದಲಾಗುವುದಿಲ್ಲ)
ಅಧೀಕ್ಷಕರು
ಹಳೆಯ ಕಡತಗಳ ಸಂರಕ್ಷಣಾ ಇಲಾಖೆ

ಪ್ರತಿಗಳು:
1. ಜಂಟಿ ನಿರ್ದೇಶಕರಿಗೆ, ಅಧೀಕ್ಷಕರ ಮಾರ್ಗದರ್ಶನದ ಬಗ್ಗೆ ಮಾಹಿತಿಗಾಗಿ.
2. ಹನ್ನೊಂದೂ ಶಾಖೆಗಳಿಗೆ, ಸೋಮವಾರದಿಂದ ಗಟ್ಟಿಯಾಗಿ ಓದಲು.
3. ರವಾನೆ ಶಾಖೆಯ ಹಿರಿಯ ಮಹಿಳೆಗೆ. ಇವರಿಗೆ ಈಗಾಗಲೇ ಬಾಯಿಪಾಠವಾಗಿದೆ.
4. ಜವಾನನಿಗೆ, ನೆಲದ ವರದಿಯೊಂದಿಗೆ.
5. ಗೋಡೆಗೆ. ನೆಟ್ಟಗೆ ಅಂಟಿಸತಕ್ಕದ್ದು.
6. ಕಚೇರಿ ಪ್ರತಿ. ಕರಡು: ಹಳೇಕಡತ ಕೊಠಡಿಯ ಕಿರಿಯ ಗುಮಾಸ್ತೆ. ಪರಿಶೀಲನೆ: ಅಧೀಕ್ಷಕರು, ತಲೆಬರಹ ಮಾತ್ರ.