ಈಸ್ಟರ್ ಸೋಮವಾರದ ಓಕುಳಿ

ಡೆಟ್ರಾಯಿಟ್‌ನಲ್ಲಿದ್ದ ಅಷ್ಟೂ ವರ್ಷ ಈಸ್ಟರ್ ಮಾರನೇ ಸೋಮವಾರ ನಮ್ಮ ಮನೆಯಲ್ಲಿ ಏನಾದರೊಂದು ಅವಾಂತರ ಆಗಿಯೇ ತೀರುತ್ತಿತ್ತು. ಅದು ಶುರುವಾಗಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ.

೧. ಕೆಂಪು ತಾರೀಖು

ಆಗ ನಾನು ಕಾರ್ ಫ್ಯಾಕ್ಟರಿಯಲ್ಲಿ ಹೊಸ ಇಂಜಿನಿಯರು. ನನ್ನ ಹೆಂಡತಿ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಆ ಸೋಮವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ, "ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ನನ್ನನ್ನ ಊರಿಗೆ ಕಳಿಸಿಬಿಡಿ. ಇವತ್ತೇ ಟಿಕೆಟ್ ವಿಚಾರಿಸಿ" ಅಂದಳು. ಹೇಗೂ ರಜಾ, ಸಮಾಧಾನ ಮಾಡೋಣ ಅಂತ ಕೂತೆ.

ಒಂಬತ್ತಕ್ಕೆ ಬಾಸ್ ಫೋನ್. "ಹುಷಾರಿಲ್ವಾ?"

"ಇವತ್ತು ರಜಾ ಅಲ್ವಾ ಸಾರ್? ಕ್ಯಾಲೆಂಡರಿನಲ್ಲಿ ಕೆಂಪಗಿದೆ."

"ಯಾವ ಕ್ಯಾಲೆಂಡರ್?"

ಅಡಿಗೆಮನೆಗೆ ಹೋಗಿ ನೋಡಿದೆ. ನದಿಯಾಚೆ ಕೆನಡಾದ ಅಂಗಡಿಯವನು ಪುಕ್ಕಟೆ ಕೊಟ್ಟಿದ್ದು; ಆ ರಜಾ ಅಲ್ಲಿಯದು, ಅಮೆರಿಕದ್ದಲ್ಲ. ಬಾಸ್‌ಗೆ ಹಾಗೇ ಹೇಳಿದೆ.

"ಹಾಗಾದರೆ ಸಂಬಳಾನೂ ಅಲ್ಲೇ ತಗೋ" ಅಂದ.

೨. ಬಿಳಿ ಷರ್ಟು

ಬಿಳಿ ಷರ್ಟು ತೊಟ್ಟು ಕಾರಿನ ಹತ್ತಿರ ಓಡಿದರೆ, ಹಿತ್ತಲಿನಲ್ಲಿ ಹೆಂಡತಿಯ ಚೀರಾಟ. ಪಕ್ಕದ ಮನೆಯ ಪೋಲೆಂಡಿನ ಮುದುಕ ಬೇಲಿ ಮೇಲಿಂದ ಅವಳ ಮೇಲೆ ಒಂದು ಮಗ್ ನೀರು ಎರಚಿದ್ದಾನೆ! ಹೊರಗೆ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಏಳು ಡಿಗ್ರಿ ಚಳಿ. ಅವಳು ದುಮುದುಮು ಅಂತ ಒಳಗೆ ಹೋದಳು. ನನಗೋ, ಸಿಟ್ಟಿಗಿಂತ ಕುತೂಹಲವೇ ಹೆಚ್ಚು.

"ಏನು ಸ್ವಾಮಿ ಇದು?"

"ಈಸ್ಟರ್ ಮಾರನೇ ದಿನ ಗಂಡಸರು ಹೆಂಗಸರಿಗೆ ನೀರು ಹಾಕೋದು ನಮ್ಮ ಕಡೆ ಪದ್ಧತಿ. ಶುಭ!"

"ಬರೀ ನೀರಾ? ಬಣ್ಣ ಇಲ್ವಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬಕೆಟ್ ಸಮೇತ ಹಾಜರ್. ಅರಿಶಿನಕ್ಕೆ ಎಲೆಯಡಿಕೆ ಸುಣ್ಣ ಬೆರೆಸಿದ ಕೆಂಪು ಓಕುಳಿ, ನಮ್ಮ ಮದುವೆಯಲ್ಲಿ ಆಡಿದಂಥದೇ. "ನಮ್ಮ ಕಡೆ ಹೀಗೆ!" ಅಂತ ಬೀಸಿ ಎರಚಿದಳು. ಅರ್ಧ ಮುದುಕನಿಗೆ, ಅರ್ಧ ನನಗೆ. ಬಟ್ಟೆ ಬದಲಾಯಿಸಲು ಹೊತ್ತಿರಲಿಲ್ಲ.

ಆಫೀಸಿನಲ್ಲಿ ನನ್ನನ್ನು ನೋಡಿ ಬಾಸ್ ಗಾಬರಿಯಿಂದ ಎದ್ದು ನಿಂತ.

"ಯಾರಯ್ಯಾ ಹೊಡೆದಿದ್ದು?"

"ಹೆಂಡತಿ ಮಾಡಿದ್ದು, ಸಾರ್."

"ರಜಾ ಇಲ್ಲ ಅಂದಿದ್ದಕ್ಕಾ?"

೩. ಟಿಕೆಟ್

ಸಂಜೆ ಟ್ರಾವೆಲ್ ಏಜೆಂಟನನ್ನು ಕಂಡು, ಭಾರವಾದ ಮನಸ್ಸಿನಿಂದ ಮನೆಗೆ ಬಂದೆ. ಒಳಗೆ ನಗುವೋ ನಗು. ಮುದುಕನ ಹೆಂಡತಿ ಉಪ್ಪಿಟ್ಟು ತಿನ್ನುತ್ತಾ, ಎಷ್ಟು ಉಜ್ಜಿದರೂ ಗಂಡನ ಕಿವಿಯ ಕೆಂಪು ಹೋಗಲಿಲ್ಲವೆಂದು ಹೇಳುತ್ತಿದ್ದಳು. ಆಕೆ ಹೊರಟ ಮೇಲೆ ನಿಧಾನವಾಗಿ ವಿಷಯ ತೆಗೆದೆ.

"ನಾಳೆ ಸಂಜೆ ವಿಮಾನದಲ್ಲಿ ಒಂದು ಸೀಟಿದೆಯಂತೆ."

"ನಾಳೆನಾ? ಆಗಲ್ಲ ರೀ. ನಾಳೆ ಹೆಂಗಸರ ಸರದಿಯಂತೆ."

"ನಾಳಿದ್ದು?"

"ನಾಳಿದ್ದು ಅವರ ಜೊತೆ ಅಂಗಡಿಗೆ ಹೋಗ್ತೀನಿ. ಟಿಕೆಟ್ ಮಾತು ಬಿಡಿ ಈಗ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಮುಂದೆ ಹೇಳಿದ್ದಕ್ಕೂ ತಲೆಯಾಡಿಸಿಬಿಟ್ಟೆ.

"ಬೆಳಿಗ್ಗೆ ಹಳೇ ಷರ್ಟ್ ಹಾಕ್ಕೊಂಡು ಹಿತ್ತಲಿಗೆ ಬನ್ನಿ. ಆಯಮ್ಮನೂ ನಾನೂ ಎರಡು ಬಕೆಟ್ ಕಲಸಿಟ್ಟಿದೀವಿ."