ಪಾರ್ಸೆಲ್ ಆಫೀಸಿನ ತೂಕದ ಯಂತ್ರಕ್ಕೆ, ಎಂಟು ಕಿಲೋಗಳ ವಿಷಯವಾಗಿ

ಭೂಮಿಗೆ ಭಾರವಾದರೂ ಮನೆಗೆ ಬೇಕಾದ ಬಂಧುಗಳೇ, ಹೊಟ್ಟೆ ಮುಂದಾಗಿ ತಾವು ಹಿಂದಾಗಿ ನಡೆಯುವ ಮಹನೀಯರೇ, ‘ನಾಳೆಯಿಂದ ಖಂಡಿತ’ ಎಂದು ಪ್ರತಿದಿನವೂ ಶಪಥ ಮಾಡುವ ಮಹಿಳೆಯರೇ, ಕುರ್ಚಿಗಳು ಗಟ್ಟಿಯಾಗಿವೆಯೇ ಎಂದು ಅಲ್ಲಾಡಿಸಿ ನೋಡಿಕೊಂಡು ದಯವಿಟ್ಟು ಆಸೀನರಾಗಿ. ಈ ಪತ್ರ ತಮಗಲ್ಲ. ಆದರೆ ತಮ್ಮೆದುರಿನಲ್ಲೇ ಓದತಕ್ಕದ್ದೆಂದು ಆಫೀಸಿನ ನೋಟಿಸ್ ಬೋರ್ಡಿಗೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದ್ದೇನೆ.

ಮಾನ್ಯರೇ,

ಹೊಲಿಗೆಯಮ್ಮನ ಗೋಣಿಚೀಲಗಳಿಗೂ ಮುಂಬಾಗಿಲಿಗೂ ನಡುವೆ ಹತ್ತೊಂಬತ್ತು ವರ್ಷಗಳಿಂದ ನಿಂತಲ್ಲೇ ನಿಂತು ಸೇವೆ ಸಲ್ಲಿಸುತ್ತಿರುವ ತಮಗೆ, ಅದೇ ಹತ್ತೊಂಬತ್ತು ವರ್ಷ ತಮ್ಮ ಪಕ್ಕದಲ್ಲಿ ಕೂತಲ್ಲೇ ಕೂತು ತೊಂಬತ್ತೆರಡು ಕಿಲೋ ಆದ ತೂಕದ ಗುಮಾಸ್ತನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಹೊಟ್ಟೆಯೊಂದೇ ನೆಲ ಮುಟ್ಟಿತೆಂಬುದನ್ನು ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು.

ತಾವು ಬಲ್ಲಂತೆ, ನಾನು ತೂಕ ಇಳಿಸುವ ಸಂಕಲ್ಪ ಮಾಡಿದ್ದು ಅಂದಕ್ಕಾಗಿ ಅಲ್ಲ. ನನ್ನ ಅಕ್ಕನ ಎರಡೂ ಮೂತ್ರಪಿಂಡಗಳು ರಾಜೀನಾಮೆ ಕೊಟ್ಟು, ಆಕೆ ವಾರಕ್ಕೆ ಮೂರು ದಿನ ಆಸ್ಪತ್ರೆಯ ಇನ್ನೊಂದು ಯಂತ್ರಕ್ಕೆ ಕೈ ಒಪ್ಪಿಸಿ ಮಲಗುತ್ತಿದ್ದಾಳೆ. ನನ್ನದೊಂದು ಆಕೆಗೆ ಹೊಂದುತ್ತದೆಂದು ಪರೀಕ್ಷೆಗಳು ಹೇಳಿದವು; ಆದರೆ ಡಾಕ್ಟರು ಮಾತ್ರ ನನ್ನನ್ನು ಪಕ್ಕದಿಂದಲೂ ಮುಂದಿನಿಂದಲೂ ನೋಡಿ, “ಕಿಡ್ನಿ ಚೆನ್ನಾಗಿದೆ, ಅದರ ಸುತ್ತ ಇರೋರು ಜಾಸ್ತಿ ಆಗಿದ್ದಾರೆ. ಎಂಟು ಕಿಲೋ ಇಳಿಸಿ, ಎಂಬತ್ನಾಲ್ಕಕ್ಕೆ ಬನ್ನಿ, ಆಮೇಲೆ ಮಾತಾಡೋಣ” ಎಂದರು. ಅಕ್ಕ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ, “ಏ ಗುಂಡ, ನಿಂದು ಬಂದ್ರೆ ಅದರ ಜೊತೆ ನಿನ್ನ ಹಸಿವೂ ಬರುತ್ತೇನೋ? ಬೇಡಪ್ಪ, ಮನೆಯೋರು ನನ್ನ ಸಾಕಲ್ಲ” ಎಂದು ನಕ್ಕಳು. ಅಂದೇ ನಾನು ತಮ್ಮ ತಲೆಯ ಮೇಲಿನ ಗೋಡೆಗೆ ಈ ದ್ವಿಪದಿಯನ್ನು ಅಂಟಿಸಿದೆ:

ಮೆಟ್ಟಿಲು ಹತ್ತು, ಬೆವರೇ ಮುತ್ತು;
ಬಿಸ್ಕತ್ತು ಕಂಡರೆ ತಿರುಗಿಸು ಕತ್ತು.

ಆ ಬಳಿಕ ಪ್ರತಿ ಸೋಮವಾರ ಹತ್ತು ಗಂಟೆಗೆ, ಮೇಲ್ವಿಚಾರಕರು, ಚೀಲಗಳ ಬಾಯಿ ಹೊಲಿಯುವ ಹೊಲಿಗೆಯಮ್ಮ ಮತ್ತು ಲಾರಿ ಡ್ರೈವರ್, ಈ ಮೂವರ ಸಮ್ಮುಖದಲ್ಲಿ ನಾನು ಚಪ್ಪಲಿ, ಬೀಗದ ಕೈ, ಪೆನ್ನು, ಕನ್ನಡಕ ಎಲ್ಲವನ್ನೂ ಕಳಚಿಟ್ಟು ತಮ್ಮನ್ನು ಏರತೊಡಗಿದೆ. ಮೊದಲ ಮೂರು ವಾರ ತಾವು ತೋರಿದ ಬಿಗುಮಾನ ನನಗಿನ್ನೂ ನೆನಪಿದೆ. ನಾನು ಮನೆಗೆ ನಡೆದು ಹೋದೆ, ಸೌತೆಕಾಯಿಯನ್ನು ಊಟವೆಂದು ಕರೆದೆ, ಮಗಳ ಹಳೆಯ ಹಗ್ಗದಲ್ಲಿ ಜಿಗಿದು ಕೆಳಮನೆಯವರನ್ನು ಮೇಲೆ ಬರಿಸಿದೆ. ತಾವು ಮಾತ್ರ ಕೊಸರಾಡಿ ಕೊಸರಾಡಿ ಒಂದು ಕಿಲೋ ಬಿಟ್ಟುಕೊಟ್ಟಿರಿ. ನಾಲ್ಕನೆಯ ವಾರ ತೊಂಬತ್ತು ತೋರಿಸಿದಿರಿ. ಹೊಲಿಗೆಯಮ್ಮ ದಬ್ಬಳವನ್ನು ಮುಡಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟಿ, “ನೋಡ್ರೀ, ಅಕ್ಕನ ಮೇಲಿನ ಪ್ರೀತಿ ಕೊಬ್ಬು ಕರಗಿಸ್ತು!” ಎಂದರು.

ಅಲ್ಲಿಂದ ಮುಂದೆ ತಮ್ಮ ಔದಾರ್ಯಕ್ಕೆ ಎಣೆಯೇ ಇಲ್ಲ. ವಾರಕ್ಕೊಂದು ಕಿಲೋದಂತೆ, ತಿಂಗಳ ರಜೆ ಲೆಕ್ಕ ಹಾಕುವವರ ಶಿಸ್ತಿನಲ್ಲಿ, ತಾವು ಆರು ಸೋಮವಾರ ಆರು ಕಿಲೋ ಇಳಿಸಿದಿರಿ. ನಾನು ತಮ್ಮನ್ನು ಶಂಕಿಸುವ ಪ್ರಶ್ನೆಯೇ ಇರಲಿಲ್ಲ. ಏಕೆಂದರೆ ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ತಮ್ಮ ಮೇಲಿಟ್ಟು, ಮುಳ್ಳು ಇಪ್ಪತ್ತಕ್ಕೇ ನಿಲ್ಲುತ್ತದೆಂದು ನೋಡಿ ಸಹಿ ಹಾಕುವವನು ನಾನೇ. ತಮ್ಮ ಬೆನ್ನಿನಲ್ಲಿ ಮುಳ್ಳನ್ನು ಹಿಂದೆಮುಂದೆ ಸರಿಸುವ ಒಂದು ತಿರುಪು ಇರುವುದು ನಿಜ. ಆದರೆ ಹಿರಿಯರ ಬೆನ್ನ ಹಿಂದಿನ ವಿಷಯವನ್ನು ಬಹಿರಂಗ ಪತ್ರದಲ್ಲಿ ಎತ್ತುವುದು ಸಭ್ಯರ ಲಕ್ಷಣವಲ್ಲ.

ತಮ್ಮ ಕರುಣೆ ನನ್ನೊಬ್ಬನಿಗೇ ಸೀಮಿತವಾಗಿರಲಿಲ್ಲವೆಂಬುದನ್ನೂ ಇಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಒಂದು ಸೋಮವಾರವಂತೂ ನನ್ನ ಸರದಿ ಮುಗಿದ ಮೇಲೂ ತಾವು ಅದೇ ಲಹರಿಯಲ್ಲಿದ್ದಿರಿ. ಸದಾ ಮೂವತ್ತೊಂದು ಕಿಲೋ ತೂಗುವ ಸುತ್ತಿಗೆಗಳ ಪೆಟ್ಟಿಗೆ ಅಂದು ಇಪ್ಪತ್ತೈದಕ್ಕೆ ನಿಂತಾಗ, ಕಬ್ಬಿಣದಂಗಡಿಯವರು ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ಎಣಿಸಿ, ಎಲ್ಲವೂ ಇರುವುದನ್ನು ಕಂಡು, “ಏನ್ ಸ್ವಾಮಿ, ನಿಮ್ಮನ್ನ ನೋಡಿ ಸುತ್ತಿಗೇನೂ ಡಯಟ್ ಶುರು ಮಾಡ್ತಾ?” ಎಂದು ಕೇಳಿದರು. ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕದ ಕಟ್ಟಿಗೆ ತಾವು ಸೊನ್ನೆ ತೋರಿಸಿದಿರಿ. ಅದರೊಳಗೆ ಅವರೇ ಬರೆದ ಪುಸ್ತಕಗಳಿದ್ದವಾದ್ದರಿಂದ ಅವರು ಅದನ್ನು ವಿಮರ್ಶೆಯೆಂದು ಭಾವಿಸಿ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ತಮ್ಮ ತೀರ್ಪನ್ನು ಒಪ್ಪದ ಕಿಡಿಗೇಡಿಗಳೂ ಇದ್ದರು. ಸಹೋದ್ಯೋಗಿಗಳೆಲ್ಲ ಸೇರಿ ಅಭಿನಂದನೆಯೆಂದು ಕೊಟ್ಟ, ಹಿಂದಿನದಕ್ಕಿಂತ ಒಂದು ಅಳತೆ ಚಿಕ್ಕದಾದ ಬೆಲ್ಟು ನನ್ನ ಸುತ್ತ ಬಂದು, ಕೊನೆಯ ನಾಲ್ಕು ಬೆರಳು ದೂರದಲ್ಲಿ ಮುಷ್ಕರ ಹೂಡಿತು. ಅಂಗಿಯ ಮೂರನೆಯ ಗುಂಡಿ ಮೇಲ್ವಿಚಾರಕರ ಚಹಾದಲ್ಲಿ ಬಿತ್ತು. ನನ್ನ ಹೆಂಡತಿ, ಆಫೀಸಿನ ಅಂಕಿಅಂಶಗಳಲ್ಲಿ ಎಂದೂ ಶ್ರದ್ಧೆಯಿಲ್ಲದವಳು, “ನೀವು ಇಳಿದಿದ್ದೀರಿ ಅಂತ ಊರೆಲ್ಲ ಹೇಳುತ್ತೆ, ಮಂಚ ಮಾತ್ರ ಒಪ್ತಾ ಇಲ್ಲ ನೋಡಿ” ಎಂದಳು. ನಾನು ಮಂಚವನ್ನು ಅನುಮಾನಿಸಿದೆನೇ ಹೊರತು ತಮ್ಮನ್ನಲ್ಲ.

ಹೀಗೆ ಎಂಬತ್ನಾಲ್ಕರ ಪ್ರಮಾಣಪತ್ರದೊಡನೆ ಕಳೆದ ಗುರುವಾರ ಆಸ್ಪತ್ರೆಗೆ ಹೋದೆ. ಅಲ್ಲಿನ ಯಂತ್ರವು ವಯಸ್ಸಿನಲ್ಲಿ ತಮಗಿಂತ ಚಿಕ್ಕದು, ಅಂಗೈಯಗಲದ್ದು, ಹಿರಿಯರೆಂಬ ಗೌರವವಿಲ್ಲದ್ದು. ಅದು ತೊಂಬತ್ತೆರಡೂವರೆ ಎಂದಿತು. ನರ್ಸಮ್ಮ ನನ್ನನ್ನು ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ, “ಹೋದ ಸಲಕ್ಕಿಂತ ಅರ್ಧ ಕಿಲೋ ಜಾಸ್ತಿನೇ ಇದ್ದೀರಲ್ಲ ಸರ್” ಎಂದರು. ನಾನು ತಮ್ಮ ಹೆಸರನ್ನು ಸಾಕ್ಷಿಯಾಗಿ ಹೇಳಿ, ಪಾರ್ಸೆಲ್ ಆಫೀಸಿನ ಯಂತ್ರವೇ ದಾರಿ ತಪ್ಪಿಸಿತೆಂದು ದೊಡ್ಡ ದನಿಯಲ್ಲಿ ಸಿಟ್ಟಾದೆ. ಡಾಕ್ಟರು ಕಡತ ಮುಚ್ಚಿದರು. ಪಕ್ಕದ ಬೆಂಚಿನಲ್ಲಿ, ತೋಳಿನ ಪಟ್ಟಿಯನ್ನು ಇನ್ನೊಂದು ಕೈಯಿಂದ ಒತ್ತಿಹಿಡಿದು ಕೂತಿದ್ದ ಅಕ್ಕ ನನ್ನ ಸಿಟ್ಟು ಮುಗಿಯುವವರೆಗೂ ಕಾದು, “ಯಂತ್ರಕ್ಕೆ ಯಾಕೋ ಬೈತೀಯ? ನಿಂಗೆ ಭಯ ಆಗಿದ್ರೆ ಹೇಳ್ಬಿಡು ಗುಂಡ. ನಾನೇನು ಬೈಯಲ್ಲ” ಎಂದಳು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಂತಿವೆ. ತಾವು ಆಸ್ಪತ್ರೆಯ ಯಂತ್ರದೊಡನೆ ಒಂದು ಸಂಧಾನಸಭೆ ನಡೆಸಿ, ಇಬ್ಬರೂ ಪರಸ್ಪರ ಬಿಟ್ಟುಕೊಟ್ಟು ಎಂಬತ್ತೆಂಟಕ್ಕೆ ರಾಜಿಯಾಗಬೇಕು. ಅದಾಗದಿದ್ದರೆ, ಮುಂದೆ ಅಂಕಿಗಳ ಬದಲು ‘ಪರವಾಗಿಲ್ಲ’, ‘ನಡೀತದೆ’, ‘ಯಾಕೆ ಕೇಳ್ತೀಯ’ ಎಂಬ ಮೂರು ಗುರುತುಗಳನ್ನಷ್ಟೇ ತೋರಿಸಬೇಕು. ಅದೂ ಆಗದಿದ್ದರೆ, ಮನುಷ್ಯ ತಮ್ಮನ್ನೇರಿದಾಗ ಅವನ ಮೈಯನ್ನು ಬಿಟ್ಟು ಅವನ ಸಂಕಲ್ಪವನ್ನು ಮಾತ್ರ ತೂಗುವ ಏರ್ಪಾಡಾಗಬೇಕು. ಕೊನೆಯದನ್ನು ಈಗಷ್ಟೇ ಮತ್ತೊಮ್ಮೆ ಓದಿ ನೋಡಿ ಹಿಂತೆಗೆದುಕೊಂಡಿದ್ದೇನೆ.

ತಮ್ಮ ಮೌನವನ್ನೇ ಉತ್ತರವೆಂದು ತಿಳಿಯುವ,

ತಮ್ಮ ವಿಶ್ವಾಸಿ,
ತೂಕದ ಗುಮಾಸ್ತ

ಮರೆತ ಮಾತು: ಸ್ಕ್ರೂಡ್ರೈವರ್ ನನ್ನ ಮೇಜಿನ ಖಾನೆಯಲ್ಲಿದೆ, ಖಾನೆಯ ಬೀಗದ ಕೈ ನಿನ್ನೆಯವರೆಗೂ ನನ್ನೊಬ್ಬನ ಹತ್ತಿರವಿತ್ತು. ಬೆಳಗಿನ ಕಲ್ಲಿನ ಪರೀಕ್ಷೆ ಮುಗಿದ ಮೇಲೆ, ನೀವೆಲ್ಲ ಆಫೀಸಿಗೆ ಬರುವ ಮೊದಲು, ಆರು ಸೋಮವಾರ ಆ ತಿರುಪು ತಿರುಗಿಸಿದವನು ನಾನೇ. ಸುತ್ತಿಗೆ ಬಂದ ದಿನ ವಾಪಸ್ ತಿರುಗಿಸಲು ಮರೆತಿದ್ದೆ. ನಾಲ್ಕನೆಯ ವಾರದ ತೊಂಬತ್ತು ಮಾತ್ರ ಸುಳ್ಳಲ್ಲ. ನಿಜವಾಗಿ ಎರಡು ಕಿಲೋ ಇಳಿದಿದ್ದೆ, ನೀವು ಚಪ್ಪಾಳೆ ತಟ್ಟುತ್ತಿದ್ದಿರಿ, ಆಗ ಮೊದಲ ಸಲ ಹೊಳೆಯಿತು: ಹೀಗೇ ಇಳಿದರೆ ನನ್ನನ್ನು ಕೊಯ್ಯುತ್ತಾರೆ. ಅಂದು ಮನೆಗೆ ಹೋಗುವ ದಾರಿಯಲ್ಲಿ ಒಂದಿಡೀ ಬ್ರೆಡ್ಡು ನಿಂತುಕೊಂಡೇ ತಿಂದೆ. ನಿನ್ನೆ ತಿರುಪನ್ನು ಮುಟ್ಟದೆ, ಕಲ್ಲಿಟ್ಟು ನೋಡಿ, ನಾನೂ ಹತ್ತಿದೆ. ತೊಂಬತ್ತೆರಡು. ಖಾನೆಯ ಬೀಗದ ಕೈ ಈಗ ಹೊಲಿಗೆಯಮ್ಮನ ದಬ್ಬಳದ ಡಬ್ಬಿಯಲ್ಲಿದೆ, ನಾನು ಕೇಳಿದರೂ ಕೊಡಬೇಡಿ. ಈ ಪತ್ರದ ಇನ್ನೊಂದು ಪ್ರತಿ ನನ್ನ ಜೇಬಿನಲ್ಲಿದೆ; ನಡೆದುಕೊಂಡೇ ಆಸ್ಪತ್ರೆಗೆ ಹೊರಟಿದ್ದೇನೆ. ಹೌದು ಅಕ್ಕ, ನನಗೆ ಭಯ.