ನಿಂತ ಲಾರಿಯ ಡ್ರೈವರ್

ಓಡುವ ಗಾಡಿಯ ಡ್ರೈವರನಿಗೆ ರಸ್ತೆಯಲ್ಲಿ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಅದನ್ನು ಎಲ್ಲರೂ ಬಲ್ಲರು. ನಿಂತ ಗಾಡಿಯ ಡ್ರೈವರನಿಗೆ ನಿಂತಲ್ಲೇ ಅದರ ಎರಡರಷ್ಟು ಆಗುತ್ತದೆ ಎಂಬುದು ಮಾತ್ರ ನನ್ನಂಥ ಅನುಭವಸ್ಥರಿಗೇ ಗೊತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಪುತ್ತೂರು ಕಡೆಯ ಆಲಂಕಾರಿನ ಧಣಿಯೊಬ್ಬರ ಡೀಸೆಲ್ ಲಾರಿಗೆ ನಾನು ಡ್ರೈವರ್. ಮಳೆಗೆ ಮೊದಲು ಗೊಬ್ಬರ, ಮಳೆ ಕಳೆದ ಮೇಲೆ ಹಂಚು, ಕೆಂಪುಕಲ್ಲು ತರಲಿಕ್ಕೆ ನಾಲ್ಕೈದು ಸಲ ಹೊರಟರೆ ಅದೇ ಹೆಚ್ಚು. ಉಳಿದ ದಿನ ಸೋಗೆಯ ಚಪ್ಪರದಡಿ ಅದರ ವಾಸ. ಓಡಿಸಿದರೆ ಲಾರಿ ಸವೆದು ಹೋಗುತ್ತದೆಂದು ಧಣಿಗಳ ಹೆದರಿಕೆ. ಓಡಿಸದೆ ಇಟ್ಟು ನನ್ನ ಮದುವೆಯೇ ತಪ್ಪಿ ಹೋಗುವ ಹಾಗಾದದ್ದು ಆಮೇಲಿನ ಕಥೆ.

೧. ಪುಸ್ತಕದ ಪ್ರಕಾರ

ಲಾರಿಯ ಜೊತೆ ಬಂದ ಪುಸ್ತಕವನ್ನು ಧಣಿಗಳು ಪಂಚಾಂಗದ ಕೆಳಗೆ ಜೋಪಾನವಾಗಿ ಇಟ್ಟಿದ್ದರು. ಐದು ಸಾವಿರ ಕಿಲೋಮೀಟರಿಗೆ ಒಮ್ಮೆ ಎಂಜಿನ್ ಎಣ್ಣೆ ಬದಲಿಸಬೇಕು ಎಂದು ಅದರಲ್ಲಿತ್ತು. ಮುಂದಿನ ಸಾಲನ್ನು ಗೆದ್ದಲು ತಿಂದಿತ್ತು. ಉಳಿದಷ್ಟನ್ನು ಧಣಿಗಳು ವೇದವಾಕ್ಯ ಮಾಡಿಕೊಂಡರು.

ಹಿಂದಿನ ಸಲ ಎಣ್ಣೆ ಬದಲಿಸಿದವನು ನನಗಿಂತ ಮೊದಲಿದ್ದ ಡ್ರೈವರ್. ಆಮೇಲೆ ಅವನಿಗೆ ಮದುವೆಯಾಗಿ, ಮೂರು ಮಕ್ಕಳಾಗಿ, ಅವನು ಸಂಸಾರ ಸಮೇತ ಬೊಂಬಾಯಿ ಸೇರಿದ್ದ. ಎಣ್ಣೆ ಮಾತ್ರ ಅದೇ. ಅಳತೆ ಕಡ್ಡಿಯನ್ನು ಎಳೆದರೆ ಕಾಡಿಗೆ ಬರುತ್ತಿತ್ತು.

“ಧಣಿ, ನಿಂತರೂ ಎಣ್ಣೆ ಕೆಡ್ತದೆ. ಬದಲಿಸುವ,” ಅಂದೆ.

“ಐದು ಸಾವಿರ ಆಯ್ತಾ?”

“ಇನ್ನೂ ಮುನ್ನೂರು ಬಾಕಿ ಉಂಟು.”

ಧಣಿಗಳು ನನ್ನನ್ನು ಕನಿಕರದಿಂದ ನೋಡಿದರು. “ಊಟ ಮಾಡದೆ ಕೈ ತೊಳೆಯುವವರನ್ನು ನೀನು ಎಲ್ಲಿಯಾದ್ರೂ ನೋಡಿದ್ದೀಯಾ ಮಾರಾಯ?”

೨. ಹೆಣ್ಣಿನ ಕಡೆಯವರು ಬಂದರು

ಮರ್ಕಂಜದಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ನಾನು ಒಮ್ಮೆ ನೋಡಿದ್ದೆ. ಆಮೇಲೆ ಬೇರೆ ಯಾರನ್ನೂ ನೋಡುವ ಮನಸ್ಸಿರಲಿಲ್ಲ. ಅವಳಿಗೂ ಒಪ್ಪಿಗೆಯೇ. ಒಪ್ಪಬೇಕಾದದ್ದು ಅವಳ ಸೋದರಮಾವ. ಗಂಡು ನಿಜವಾಗಿ ಡ್ರೈವರನೋ ಎಂದು ನೋಡಲು ಅವರೇ ಆಲಂಕಾರಿಗೆ ಬಂದರು.

ಲಾರಿಗೆ ಚೀನಿಕಾಯಿಯ, ಎಂದರೆ ಸಿಹಿಗುಂಬಳದ ಬಳ್ಳಿ ಹಬ್ಬಿ, ಹಿಂದಿನ ಹಲಗೆಯಲ್ಲಿ ಎರಡು ಕಾಯಿ ನೇತಾಡುತ್ತಿದ್ದವು. ಮಾವ ಬಾಗಿಲು ತೆಗೆದರು. ನನ್ನ ಸೀಟಿನಲ್ಲಿ ಕಾವಿಗೆ ಕೂತ ಹೇಂಟೆಯೊಂದು ಅವರ ಕೈಗೆ ಕುಕ್ಕಿತು.

“ಒಮ್ಮೆ ಸ್ಟಾರ್ಟ್ ಮಾಡಿ, ನೋಡುವ.”

ಹೇಂಟೆಯನ್ನು ಬುಟ್ಟಿಗೆ ದಾಟಿಸಿ ಕೂತೆ. ಕೀ ತಿರುಗಿಸಿದರೆ ‘ಟಕ್’ ಎಂದಿತು. ಎರಡನೇ ಸಲಕ್ಕೆ ಅದೂ ಇಲ್ಲ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ!

ಮಾವ ಬೆಲ್ಲ ನೀರು ಕುಡಿದರು. ಹೊರಡುವಾಗ ಧಣಿಗಳಿಗೆ ಹೇಳಿದರು: “ಹುಡುಗ ಒಳ್ಳೆಯವ, ಬೀಡಿ ಕೂಡ ಇಲ್ಲ. ಬರುವ ಬೇಸಿಗೆಗೆ ಮದುವೆ ಇಟ್ಟುಕೊಳ್ಳುವ. ದಿಬ್ಬಣ ಇದೇ ಲಾರಿಯಲ್ಲಿ, ಇವನೇ ಬಿಟ್ಟುಕೊಂಡು ಬರ್ಬೇಕು. ಬಂದ್ರೆ ಧಾರೆ. ಬಾರದಿದ್ರೆ ನಾವು ಊಟ ಮಾಡಿ ನಮ್ಮ ಕೆಲಸ ನೋಡ್ತೇವೆ.”

ನನಗೆ ಅಳುವೇ ಬಂತು. ಧಣಿಗಳಿಗೆ ಮಾತ್ರ ಆ ಚೀನಿಕಾಯಿಗಳದ್ದೇ ಚಿಂತೆ. “ಬೇಸಿಗೆಗಲ್ವಾ, ಅಡ್ಡಿಯಿಲ್ಲ. ಅಷ್ಟರಲ್ಲಿ ಕಾಯಿ ಬೆಳೀತದೆ.”

೩. ಪುತ್ತೂರು ಪ್ರಯಾಣ

ಪುತ್ತೂರಿನಲ್ಲಿ ಗ್ಯಾರೇಜು ಇಟ್ಟಿದ್ದ ಬ್ಯಾರಿ ಮುಸ್ಲಿಂ ಮೇಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಹೊಸ ಬ್ಯಾಟರಿ ಕೂರಿಸಿ, ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ಒಳಗೆ ಸೇರಿದ್ದ ಒಂದು ಲೋಟ ನೀರು ಇಳಿಸಿದರು. ಆಮೇಲೆ ಧಣಿಗಳಿಗೆ ಬುದ್ಧಿ ಹೇಳಿದರು: “ನಿಂತ ಗಾಡಿಗೆ ಕಿಲೋಮೀಟರ್ ಲೆಕ್ಕ ಅಲ್ಲ ಧಣಿ, ತಿಂಗಳ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಸಿಯಾಗುವಷ್ಟು ಓಡಿಸ್ಬೇಕು. ಆಗಾಗ ಈ ನೀರು ತೆಗೀಬೇಕು. ಓಡ್ಲಿ ಬಿಡ್ಲಿ, ವರ್ಷಕ್ಕೊಮ್ಮೆ ಎಣ್ಣೆ. ಗೆದ್ದಲು ತಿಂದ ಸಾಲಲ್ಲಿ ಇದ್ದದ್ದು ಅದೇ.”

“ಗೆದ್ದಲು ತಿಂದದ್ದು ಅದನ್ನೇ ಅಂತ ನಿಮಗೆ ಹೇಗೆ ಗೊತ್ತು?” ಧಣಿಗಳು ಬಗ್ಗಲಿಲ್ಲ. ಐದು ಸಾವಿರ ಎಂದರೆ ಐದು ಸಾವಿರ. ಮುನ್ನೂರು ಕಿಲೋಮೀಟರು ಸುಮ್ಮನೆ ರಸ್ತೆಯಲ್ಲಿ ಸುತ್ತಲಿಕ್ಕೂ ಬಿಡರು, ಟಯರು ಸವೆಯುತ್ತದೆ.

ಮೇಸ್ತ್ರಿ ತಲೆ ಕೆರೆದುಕೊಂಡರು. ಆಮೇಲೆ ಜಾಕಿ ಕೊಟ್ಟು ಲಾರಿಯ ಹಿಂಭಾಗ ಎತ್ತಿ, ಅಡಿಗೆ ಕೆಂಪುಕಲ್ಲು ಪೇರಿಸಿದರು. ಎದುರಿನ ಚಕ್ರಕ್ಕೆ ಅಡೆ ಕೊಟ್ಟು, ಗೇರಿಗೆ ಹಾಕಿದೆವು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು, ಮೀಟರು ಏರಿತು, ಲಾರಿ ನಿಂತಲ್ಲೇ ನಿಂತಿತು. ಬೆಳಗ್ಗೆ ಶುರು ಮಾಡಿದ್ದು.

ಧಣಿಗಳು ಎಲೆಯಡಿಕೆ ಹಾಕಿಕೊಂಡು ಬಂದರು. ತಿರುಗುವ ಚಕ್ರ ನೋಡಿದರು, ಸ್ಟಿಯರಿಂಗ್ ಹಿಡಿದು ಕೂತ ನನ್ನನ್ನು ನೋಡಿದರು.

“ಎಲ್ಲಿಗೆ ಹೊರಟದ್ದು?”

“ಪುತ್ತೂರಿಗೆ ಧಣಿ.”

“ಎಲ್ಲಿಗೆ ಮುಟ್ಟಿತು?”

“ಉಪ್ಪಿನಂಗಡಿ ದಾಟಿತು.”

ಬೈಯುತ್ತಾರೆಂದು ಕಾದೆ. ಅವರು ಎಲೆಯಡಿಕೆ ಉಗುಳಿ, ಗಂಭೀರವಾಗಿಯೇ ಹೇಳಿದರು: “ಬರುವಾಗ ಒಳ್ಳೆ ಬಂಗುಡೆ ಮೀನು ಉಂಟಾ ನೋಡು.”

ಸಂಜೆ ಮೀಟರು ತೋರಿಸಿದೆವು. ಕನ್ನಡಕ ಹಾಕಿ ಓದಿ ಎಣ್ಣೆ ಬದಲಿಸಲು ಒಪ್ಪಿಗೆ ಕೊಟ್ಟರು. ಬಂಗುಡೆ ಎಲ್ಲಿ ಎಂದೂ ಕೇಳಿದರು.

೪. ಆಟಿಯ ಮದ್ದು

ಹದಿನೈದು ದಿನಕ್ಕೊಮ್ಮೆ ಎಂಬುದನ್ನು ನೆನಪಿಡುವ ಕೆಲಸವನ್ನು ಧಣಿಗಳ ಹೆಂಡತಿ, ನಮಗೆಲ್ಲ ಅಮ್ಮ, ವಹಿಸಿಕೊಂಡರು. ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಸ್ಟಾರ್ಟ್. ತುಳುವರ ಆಷಾಢವಾದ ಆಟಿ ತಿಂಗಳು ಬಂತು. ಆಟಿಯಲ್ಲಿ ಒಳ್ಳೆ ಕೆಲಸ ಯಾವುದೂ ಮಾಡಬಾರದು ಎಂದು ಧಣಿಗಳು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಆಟಿ ಅಮಾವಾಸ್ಯೆಗೆ ಮನೆಯವರೆಲ್ಲ ಪಾಲೆ ಮರದ ತೊಗಟೆ ಕಷಾಯ ಕುಡಿಯುದಿಲ್ವಾ? ಮದ್ದಿಗೆ ಎಂತ ಆಟಿ? ಲಾರಿಗೂ ಆಗ್ಲಿ,” ಎಂದರು ಅಮ್ಮ.

ಕೀ ಸಿಕ್ಕಿತು. ಫಿಲ್ಟರಿನ ನೀರು ತೆಗೆದೆ, ಸ್ಟಾರ್ಟ್ ಮಾಡಿದೆ, ಲಾರಿ ಗುರುಗುಟ್ಟಿತು. ತಿರುಗಿ ನೋಡಿದರೆ ಅಮ್ಮ ಕಹಿ ಕಷಾಯದ ಲೋಟ ಹಿಡಿದು ಧಣಿಗಳ ಎದುರು ನಿಂತಿದ್ದಾರೆ. ಪ್ರತಿ ವರ್ಷ ಆ ದಿನ ತೋಟಕ್ಕೆ ಹೋಗಿ ತಪ್ಪಿಸಿಕೊಳ್ಳುತ್ತಿದ್ದ ಧಣಿಗಳು ಲಾರಿಯ ಗಲಾಟೆಯಲ್ಲಿ ಸಿಕ್ಕಿಬಿದ್ದಿದ್ದರು.

“ಕುಡೀರಿ,” ಎಂದರು ಅಮ್ಮ. “ಲಾರಿಯೇ ಹಟ ಮಾಡ್ಲಿಲ್ಲ.”

೫. ದಿಬ್ಬಣ

ಮದುವೆಯ ದಿನ ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹಿಂದೆ ಚಾಪೆ ಹಾಸಿ ದಿಬ್ಬಣದವರು ಕೂತರು. ಮದುಮಗನ ಪೇಟ ಸುತ್ತಿಕೊಂಡರೆ ಕ್ಯಾಬಿನ್ನಿನ ಮಾಡಿಗೆ ತಾಗುತ್ತದೆ, ಹಾಗಾಗಿ ಪೇಟ ಧಣಿಗಳ ಮಡಿಲಲ್ಲಿ. ಅವರ ಪಕ್ಕದಲ್ಲಿ ಮೇಸ್ತ್ರಿ. ಮದುವೆಗೆಂದು ಹೊಸ ಬಿಳಿ ಮುಂಡು ಉಟ್ಟಿದ್ದರು. ಆದರೂ ಸ್ಪ್ಯಾನರುಗಳನ್ನು ಹಳೇ ಲುಂಗಿಯಲ್ಲಿ ಕಟ್ಟಿ ತಂದಿದ್ದರು.

ಬೆಳ್ಳಾರೆ ದಾಟಿತು, ಮರ್ಕಂಜ ಮುಟ್ಟಿತು. ಕೊನೆಯ ಚಡಾವು ಹತ್ತಿದ ಕೂಡಲೇ ಮದುವೆ ಚಪ್ಪರ ಕಂಡಿತು. ಬಾಗಿಲಲ್ಲಿ ಸೋದರಮಾವ ನಿಂತದ್ದೂ ಕಂಡಿತು. ಆಗ ಲಾರಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಇನ್ನು ಐವತ್ತು ಹೆಜ್ಜೆ ಇರಬಹುದು.

“ಡೀಸೆಲ್ ಪೈಪು ಸಡಿಲಾಗಿ ಗಾಳಿ ಎಳೆದಿದೆ. ಹೆದರ್ಬೇಡ, ಅಡಿಗೆ ಬಾ,” ಎಂದರು ಮೇಸ್ತ್ರಿ. ಮದುವೆ ಬಟ್ಟೆ ಹಾಳಾಗಬಾರದೆಂದು ಸ್ಪ್ಯಾನರು ಕಟ್ಟಿದ್ದ ಲುಂಗಿಯನ್ನು ನನಗೆ ಮೇಲಿಂದ ಸುತ್ತಿದರು. ಇಬ್ಬರೂ ಲಾರಿಯಡಿ ನುಸುಳಿದೆವು.

ನಮ್ಮಲ್ಲಿ ಮದುಮಗ ಬಂದಿಳಿದ ಕೂಡಲೇ ಹೆಣ್ಣಿನ ಅಣ್ಣ ಅವನ ಕಾಲು ತೊಳೆದು ಕರೆದುಕೊಳ್ಳುವುದು ಕ್ರಮ. ಹುಡುಗಿಯ ಅಣ್ಣ ನನ್ನನ್ನು ಮೊದಲು ಕಂಡವರಲ್ಲ. ಮುಹೂರ್ತ ಮೀರುತ್ತದೆ, ಅಲ್ಲಿಗೇ ಹೋಗಿ ತೊಳೆ ಎಂದು ಹಿರಿಯರು ಅವರನ್ನು ಗಿಂಡಿ ಕೊಟ್ಟು ಓಡಿಸಿದರು. ಬಂದು ನೋಡಿದರೆ ಲಾರಿಯಡಿಯಿಂದ ನಾಲ್ಕು ಕಾಲು ಹೊರಗೆ ಚಾಚಿವೆ. ಎರಡರ ಮೇಲೆ ಗ್ರೀಸ್ ಹಿಡಿದ ಲುಂಗಿ, ಎರಡರ ಮೇಲೆ ಹೊಸ ಬಿಳಿ ಮುಂಡು. ಪಾಪ, ಯಾರಾದರೂ ಬಿಳಿ ಮುಂಡನ್ನೇ ಆರಿಸುತ್ತಿದ್ದರು.

ಮೇಸ್ತ್ರಿ ಪೈಪು ಬಿಗಿ ಮಾಡಿ ಮುಗಿಸಿದ್ದರು ಅಷ್ಟೇ. ಬಲಗಾಲಿಗೆ ಒಮ್ಮೆಲೇ ನೀರು ಬಿತ್ತು. “ಅಯ್ಯೋ, ರೇಡಿಯೇಟರ್ ಒಡೆಯಿತು ಮಾರಾಯ!” ಎಂದು ಕಿರುಚಿದರು.

ನಾನು ಗಾಬರಿಯಿಂದ ಹೊರಗೆ ಬಂದೆ. ಮುಖವೆಲ್ಲ ಮಸಿ. ಹುಡುಗಿಯ ಅಣ್ಣ ತಲೆಯೆತ್ತಿ, ಬಹಳ ಮರ್ಯಾದೆಯಿಂದ ಹೇಳಿದರು: “ಮೇಸ್ತ್ರಿಗಳೇ, ನೀವು ಸ್ವಲ್ಪ ಬದಿಗೆ ನಿಲ್ಲಿ. ಮದುಮಗನ ಕಾಲು ತೊಳೀತಾ ಇದ್ದೇನೆ.”

ವಿವರಿಸಲು ಪುರುಸೊತ್ತಿರಲಿಲ್ಲ. ಹಾರಿ ಕೂತು ಕೀ ತಿರುಗಿಸಿದೆ. ನಾಲ್ಕು ಸಲ ಕೊಸರಾಡಿ ಲಾರಿ ಎದ್ದಿತು. ಐವತ್ತು ಹೆಜ್ಜೆ ನಡೆದು ಚಪ್ಪರದ ಬಾಗಿಲಲ್ಲಿ ನಿಂತಿತು. ಸೋದರಮಾವ ತಾವಾಗಿ ಬಂದು ಕ್ಯಾಬಿನ್ನಿನ ಬಾಗಿಲು ತೆಗೆದು, ನನ್ನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡರು. ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಬಾಗಿಲ ಮರೆಯಲ್ಲಿ ಬಳೆ ಸದ್ದೂ, ನಗುವೂ ಕೇಳಿತು.

ಹುಡುಗಿಯ ಅಣ್ಣ ಗಿಂಡಿಗೆ ಪುನಃ ನೀರು ತುಂಬಿಸಿಕೊಂಡು ಬಂದರು. ನನ್ನನ್ನು ನೋಡಿದರು, ಪಕ್ಕದಲ್ಲಿ ಹಲ್ಲುಕಿರಿದು ನಿಂತ ಮೇಸ್ತ್ರಿಯನ್ನು ನೋಡಿದರು. ನೀರು ಹಾಕಲು ಧೈರ್ಯ ಬರಲಿಲ್ಲ.

“ಮದುಮಗ ಯಾರು, ಈಗ ನೀವೇ ಹೇಳಿಬಿಡಿ ಮಾರಾಯ್ರೆ.”

“ಇವನೇ, ಸಂಶಯ ಬೇಡ,” ಎಂದರು ಮೇಸ್ತ್ರಿ. “ಆದ್ರೆ ನೀರು ಹೇಗೂ ತಂದಿದ್ದೀರಿ. ನನ್ನ ಎಡಗಾಲು ಒಂದು ಬಾಕಿ ಉಂಟು.”